ಸ್ವರಕ್ಕೆ ಚುಕ್ಕಿ ಇಡುವ ಅಂಬುಜಾ

ಬಸವೇಶ್ವರನಗರದ ಈ ಮನೆಗೆ ಇನ್ನೂ ಹಾಲು ಬಂದಿಲ್ಲ. ದಿವಾನದ ಪಕ್ಕ ನೆಲದ ಮೇಲೆ ಕೂತ ಅಂಬುಜಾ ಹೊಸ ಪುಸ್ತಕವೊಂದನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಅಚ್ಚಾದ ಅಕ್ಷರಗಳಿಗೆ ಪೆನ್ನಿನಿಂದ ಚುಕ್ಕಿ ಇಡುತ್ತಿದ್ದಾರೆ. ಸ ಮೇಲೊಂದು, ರಿ ಮೇಲೊಂದು, ನಿ ಕೆಳಗೊಂದು. ಪಕ್ಕದಲ್ಲಿ ಸರಿಯಾದ ಪ್ರಿಂಟೌಟ್ ಇದೆ. ಶಾಯಿ ಆರುವ ತನಕ ಪುಟ ತಿರುಗಿಸುವಂತಿಲ್ಲ. ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ. ಬೆನ್ನು ಹಿಡಿದುಕೊಂಡಿದೆ, ಆದರೂ ಎದ್ದರೆ ಸಾಲು ತಪ್ಪುತ್ತದೆ ಎಂದು ಏಳುವುದಿಲ್ಲ.

ಒಂದು ಮುಂಜಾನೆಗೆ ಒಂದು ಪುಸ್ತಕ ಮುಗಿಯುತ್ತದೆ. ದಿವಾನದ ಕೆಳಗೆ ಇನ್ನೂರಕ್ಕೂ ಹೆಚ್ಚಿವೆ.

ಅಂಬುಜಾ ಗೋವಿಂದರಾಜನಗರದ ಒಂದು ಬೇಸ್‌ಮೆಂಟಿನಲ್ಲಿ ಡಿಟಿಪಿ ಮಾಡುತ್ತಾರೆ. ಬಾಡಿಗೆ ಕರಾರು, ಮದುವೆ ಕಾರ್ಡು, ಶ್ರದ್ಧಾಂಜಲಿ. ನಡುವೆ ಯಾವಾಗಲಾದರೂ ಸಂಗೀತದ ಮೇಷ್ಟ್ರೊಬ್ಬರು ಸ್ವರಲಿಪಿ ಹಿಡಿದು ಬರುತ್ತಾರೆ. ಸ್ವರದ ನೆತ್ತಿಯ ಮೇಲೆ ಚುಕ್ಕಿ ಇದ್ದರೆ ದನಿ ಮೇಲಿನ ಸ್ಥಾಯಿಗೆ ಹೋಗಬೇಕು, ಪಾದದ ಕೆಳಗಿದ್ದರೆ ಇಳಿಯಬೇಕು. ಮಾಮೂಲಿ ಕನ್ನಡ ಫಾಂಟಿನಲ್ಲಿ ಈ ಚುಕ್ಕಿ ಇಲ್ಲ. ಬೇರೆ ಚುಕ್ಕಿ ತಂದು ರಿ, ನಿಗಳ ಗುಡಿಸಿನ ಮೇಲೆ ಕೂರಿಸಿದರೆ ಮಸಿ ಬಿದ್ದಂತೆ ಕಾಣುತ್ತದೆ. ಹಾಗಾಗಿ ಹದಿನೈದು ವರ್ಷದ ಹಿಂದೆ ಅಂಬುಜಾ ಒಂದೊಂದು ಸ್ವರಕ್ಕೂ ಬೇರೆ ಬೇರೆ ಎತ್ತರದ ಚುಕ್ಕಿ ಬರೆದು, ತಮ್ಮದೇ ಒಂದು ಫಾಂಟ್ ಮಾಡಿಕೊಂಡರು. ಅದು ಅವರ ಕಂಪ್ಯೂಟರ್ ಒಂದರಲ್ಲೇ ಇದೆ.

"ಸಂಗೀತ ಬರತ್ತಾ ಅಂತ ಎಲ್ರೂ ಕೇಳ್ತಾರೆ. ಬರಲ್ಲ. ಸಿನಿಮಾ ಹಾಡೂ ನೆಟ್ಟಗೆ ಬರಲ್ಲ ನಂಗೆ," ಎನ್ನುತ್ತಾರೆ ಅಂಬುಜಾ. ಗಂಡ ಸತ್ತ ಮೇಲೆ ಹೇರೋಹಳ್ಳಿಯ ಒಂದೂವರೆ ರೂಮಿನಲ್ಲಿ ಒಬ್ಬರೇ ಇದ್ದಾರೆ. ಈ ಮನೆಗೆ ಬರಲು ಬೆಳಗಿನ ಮೊದಲ ಬಸ್ಸಿಗೆ ಕೆಸರು ತುಳಿಯಬೇಕು, ಸುಂಕದಕಟ್ಟೆ ದಾಟುವ ತನಕ ನಿದ್ದೆ.

ಈ ಮನೆ, ಈ ಪುಸ್ತಕ ಎರಡೂ ಕಮಲಾಕ್ಷಮ್ಮನವರವು. ಎಂಬತ್ತು ದಾಟಿದ ಸಂಗೀತದ ಟೀಚರ್, ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಅವರೇ ಕಟ್ಟಿದ ನಲವತ್ತು ಕೃತಿಗಳು ಇದರಲ್ಲಿವೆ. ಶಿಷ್ಯೆಯರು ಬರೆದುಕೊಟ್ಟದ್ದನ್ನು ಅಂಬುಜಾ ಕಂಪೋಸ್ ಮಾಡಿದರು. ಕಾಣದವರಿಗೆ ಪ್ರೂಫ್ ತೋರಿಸುವುದು ಹೇಗೆ? ವಾರಕ್ಕೊಮ್ಮೆ ಬಂದು ಗಟ್ಟಿಯಾಗಿ ಓದುತ್ತಿದ್ದರು: "ಸ ಮೇಲೆ, ನಿ, ದ, ಪ, ಸ ಮೇಲೆ."

"ತರಕಾರಿ ಚೀಟಿ ಓದ್ದಂಗೆ ಓದ್ತೀಯಲ್ಲೇ!" ಎಂದು ಮುದುಕಿ ನಗುತ್ತಿದ್ದರು. ಆದರೆ ಒಂದು ಚುಕ್ಕಿ ತಪ್ಪಿದರೂ ತೊಡೆ ತಟ್ಟುವ ಕೈ ನಿಲ್ಲುತ್ತಿತ್ತು. ಹೀಗೆ ಒಂದು ವರ್ಷ ನಡೆಯಿತು.

ಪುಸ್ತಕ ಅಚ್ಚಾಯಿತು. ಪ್ರೆಸ್ಸಿನವನು ಮಾರ್ಜಿನ್ ಸರಿ ಮಾಡಲು ಫೈಲ್ ತೆರೆದ, ಸೇವ್ ಮಾಡಿದ. ಅವನ ಕಂಪ್ಯೂಟರಿನಲ್ಲಿ ಅಂಬುಜಾ ಅವರ ಫಾಂಟ್ ಇರಲಿಲ್ಲ. ಅದನ್ನು ಫೈಲಿನೊಳಗೇ ಸೇರಿಸಿ ಕಳಿಸಬೇಕಿತ್ತು, ಅಂಬುಜಾ ಕಳಿಸಿರಲಿಲ್ಲ. ಸ್ವರಗಳು ಉಳಿದವು, ತಾಳದ ಗೆರೆಗಳು ಉಳಿದವು, ಒಂದು ಚುಕ್ಕಿಯೂ ಉಳಿಯಲಿಲ್ಲ. ವಿಜಯನಗರದ ಸಭಾಂಗಣದಲ್ಲಿ ಬಿಡುಗಡೆಯಾದಾಗ ಗಣ್ಯರು ಪುಸ್ತಕ ಎತ್ತಿ ಹಿಡಿದರು, ಭಾಷಣ ಮಾಡಿದರು. ನೂರು ಪ್ರತಿ ಹಂಚಿದರು. ಯಾರಿಗೂ ಏನೂ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಪುಟ ತಿರುಗಿಸಿದ ಅಂಬುಜಾಗೆ ಕಂಡಿತು.

"ಉಪ್ಪಿಟ್ಟು ಕೊಟ್ರು, ಹಾಗೇ ಇಟ್ಟು ಬಂದೆ."

ಮಾರನೇ ದಿನ ಕಮಲಾಕ್ಷಮ್ಮನವರ ಮಗ ಜಗನ್ನಾಥರಿಗೆ ಹೇಳಿದರು. ಅವರು ನಿವೃತ್ತ ಅಧಿಕಾರಿ, ಕೆಟ್ಟವರಲ್ಲ. "ಅಮ್ಮಂಗೆ ಕಾಣಲ್ಲ. ಬೇರೆಯವ್ರು ನೋಡಲ್ಲ. ಸುಮ್ನೆ ಇದ್ಬಿಡಿ ಅಂಬುಜಾ ಅವ್ರೇ, ಖುಷಿಯಾಗಿದಾರೆ," ಎಂದರು. ಅಂಬುಜಾ ಸುಮ್ಮನಿದ್ದರು, ಎರಡು ವಾರ.

ಆಮೇಲೊಂದು ಸಂಜೆ ಉಳಿದ ಬಿಲ್ಲಿಗೆಂದು ಹೋದಾಗ ಪಾಠ ನಡೆಯುತ್ತಿತ್ತು. ಹೊಸ ಶಿಷ್ಯೆ ಮಾಲವಿಕಾ ಪುಸ್ತಕ ನೋಡಿ ಹಾಡುತ್ತಾ, ಏರಬೇಕಾದಲ್ಲಿ ಇಳಿದಳು. ತೊಡೆಯ ಮೇಲಿನ ಕೈ ನಿಂತಿತು.

"ಯಾರೇ ಹೇಳಿಕೊಟ್ಟಿದ್ದು ಹೀಗೆ?"

"ಬುಕ್ಕಲ್ಲಿ ಹೀಗೇ ಇದೆ ಮಿಸ್. ಮೇಲೆ ಚುಕ್ಕಿ ಇಲ್ಲ."

ಕಮಲಾಕ್ಷಮ್ಮ ಬಾಯೊಳಗೇ ಆ ಸಾಲನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಡಿ ನೋಡಿದರು. ಮತ್ತೆ ನೋಡಿದರು. ಆಮೇಲೆ, "ಹಾಗಾದ್ರೆ ನಾನೇ ತಪ್ಪು ಹೇಳಿರ್ತೀನಿ. ತಲೆ ನಿಲ್ತಾ ಇಲ್ಲ ಈಚೆಗೆ. ಬುಕ್ಕಲ್ಲಿರೋ ಥರಾನೇ ಹಾಡು," ಎಂದರು.

ಬಾಗಿಲಲ್ಲಿ ನಿಂತಿದ್ದ ಜಗನ್ನಾಥ ಬೇಡ ಎಂದು ತಲೆಯಾಡಿಸಿದರು. ಅಂಬುಜಾ ಆ ಕಡೆ ನೋಡಲಿಲ್ಲ.

"ನೀವು ಸರಿಯಾಗೇ ಹೇಳಿದ್ರಿ ಮೇಡಂ. ಚುಕ್ಕಿ ಬಿದ್ದೋಗಿವೆ, ಪ್ರಿಂಟಲ್ಲಿ."

"ಆ ಸಾಲಲ್ಲಾ?"

"ಎಲ್ಲಾ ಸಾಲಲ್ಲೂ."

ಕಮಲಾಕ್ಷಮ್ಮ ಬೈಯಲಿಲ್ಲ. "ಸದ್ಯ, ನಂಗೆ ಅರಳುಮರುಳು ಅಂದ್ಕೊಂಡಿದ್ದೆ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೈ ಚಾಚಿ ಮಾಲವಿಕಾಳ ಪುಸ್ತಕ ಇಸಿದುಕೊಂಡು ಮುಚ್ಚಿದರು. ಅವತ್ತು ಪಾಠ ಮುಂದುವರಿಯಲಿಲ್ಲ. ಈಗಲೂ ಅವರು ಅಂಬುಜಾ ಜೊತೆ ಮೊದಲಿನಂತೆ ನಗುವುದಿಲ್ಲ. ಮತ್ತೆ ಅಚ್ಚು ಹಾಕಿಸುವ ಮಾತು ಮನೆಯಲ್ಲಿ ಯಾರೂ ಎತ್ತಿಲ್ಲ. ಹಾಗಾಗಿ ಅಂಬುಜಾ ತಾವೇ ಪೆನ್ನು ಹಿಡಿದರು.

ಮನೆಯಲ್ಲಿರುವ ಪುಸ್ತಕಗಳ ಚಿಂತೆ ಅಷ್ಟಿಲ್ಲ, ಒಂದಲ್ಲ ಒಂದು ದಿನ ಮುಗಿಯುತ್ತವೆ. ಹಂಚಿಹೋದ ನೂರು? ಅಂಬುಜಾ ಭಾನುವಾರಗಳಂದು ಫೋನ್ ಮಾಡಿ ಹುಡುಕಿಕೊಂಡು ಹೋಗುತ್ತಾರೆ. ಕೆಂಗೇರಿಯಲ್ಲೊಬ್ಬರು ಯಾವ ಪುಸ್ತಕ ಎಂದು ಕೇಳಿದರು. ರಾಜಾಜಿನಗರದವರೊಬ್ಬರು, "ಷೋಕೇಸಲ್ಲಿಟ್ಟಿದೀವಿ ಆಂಟಿ, ಕವರ್ ಕೂಡ ತೆಗ್ದಿಲ್ಲ, ಅರ್ಜೆಂಟಿಲ್ಲ," ಎಂದರು. ಇಲ್ಲಿಯ ತನಕ ಹನ್ನೊಂದು ಸಿಕ್ಕಿವೆ.

ತಾವು ಮಾಡಿದ ಪುಸ್ತಕವನ್ನು ಜನ ಓದಲಿ ಎಂದು ಎಲ್ಲರೂ ಬಯಸುತ್ತಾರಲ್ಲ, ನಿಮಗೇನು ಆಸೆ ಎಂದು ಕೇಳಿದರೆ, ಅಂಬುಜಾ ಪುಟದಿಂದ ತಲೆ ಎತ್ತುವುದಿಲ್ಲ.

"ನಾನು ಪೆನ್ ಹಿಡ್ಕೊಂಡು ಅವ್ರ ಮನೆಗೆ ಹೋಗೋ ತನಕ ಯಾರೂ ಅದನ್ನ ತೆಗೀದೇ ಇರ್ಲಿ, ಅಷ್ಟೇ."