ಒಯ್ಸಳರ ಕಲ್ಲು

ಹರವೆಯ ದೊಡ್ಡವ್ವನ ಹಿತ್ತಲಲ್ಲಿ ಆವತ್ತು ನಾವು ನಾಲ್ಕು ಜನ. ಅರಿಸಿನ ಬೇಯುವ ಕೊಪ್ಪರಿಗೆಯ ಪಕ್ಕ ಮೊರ ಹಿಡಿದು ಕೂತ ದೊಡ್ಡವ್ವ. ಒಲೆಗೆ ಸೌದೆ ತಳ್ಳುತ್ತಿದ್ದ ಅವಳ ಮೈದುನ, ಅಂದರೆ ನನ್ನ ಚಿಕ್ಕಪ್ಪ. ಕುದೇರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು. ಮತ್ತೆ ಚಾಮರಾಜನಗರದಿಂದ ಬೆಳಗಿನ ಬಸ್ಸಿಗೆ ಬಂದಿಳಿದ, ಯಾರೂ ಕಂಡರಿಯದ ಒಬ್ಬ ಮುದುಕರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅವರು ಹುಡುಕಿಕೊಂಡು ಬಂದದ್ದು ಹಿತ್ತಲ ಮೂಲೆಯ ಕಲ್ಲನ್ನು. ಎದೆಮಟ್ಟದ ಕಲ್ಲು, ಮೈತುಂಬ ಹಳೆಗಾಲದ ಅಕ್ಷರ. ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಪ್ರತಿ ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಬಳಿಯುತ್ತಿದ್ದಳು. ದೊಡ್ಡಪ್ಪ ಹೋದ ಮೇಲೂ ಮನೆ ನಿಂತಿರುವುದು ಆ ಕಲ್ಲಿನಿಂದ ಎಂಬುದು ಅವಳ ನಂಬಿಕೆ.

"ರಿಟೈರಾದ ಮೇಷ್ಟ್ರು ತಾಯಿ ನಾನು. ಶಾಸನ ಓದೋ ಹುಚ್ಚು," ಎಂದರು ಮುದುಕರು.

ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. "ಮೇಷ್ಟ್ರಿಗೆ ಅಷ್ಟು ದೊಡ್ಡ ಚೀಲ ಯಾಕಮ್ಮಿ? ನಿಧಿ ತಗ್ಯೋನೇ ಕಣಮ್ಮಿ ಇವ. ನೋಡು, ಮಾತಾಡ್ವಾಗ್ಲೂ ನೆಲನೇ ನೋಡ್ತಾನೆ."

ನನಗೂ ಅನುಮಾನವೇ. ನಿಧಿಯಾಸೆಗೆ ಹಳೇ ಗುಡಿಗಳ ಬುಡ ಅಗೆದ ಸುದ್ದಿ ಆಗ ಕೇಳಿಬರುತ್ತಲೇ ಇತ್ತು.

ಅವರು ಮೊದಲು ಮಾಡಿದ ಕೆಲಸ ಕಲ್ಲು ತೊಳೆದದ್ದು. ದೊಡ್ಡವ್ವನ ಇಷ್ಟು ವರ್ಷದ ಕುಂಕುಮ ಕೆಂಪಗೆ ಹರಿದು ಬಾಳೆಬುಡ ಸೇರಿತು. ಅವಳ ಮೊರ ಅಲ್ಲಿಗೇ ನಿಂತಿತು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಲ್ಲಿ ಪಟಪಟ ಬಡಿದು, ಮೇಲೆ ಕಪ್ಪು ಮಸಿ ಒತ್ತಿದರು. ಅಕ್ಷರಗಳು ಬೆಳ್ಳಗೆ ಎದ್ದವು. ಬೆರಳಿಟ್ಟು ಓದಿದರು: "ಪೊಯ್ಸಳ."

ಸಿಕ್ಕಿಬಿದ್ದರು ಅಂದುಕೊಂಡೆ. ಗುರು "ಹೊಯ್ ಸಳ" ಅಂದದ್ದು, ಹುಡುಗ ಹುಲಿಯನ್ನು ಹೊಡೆದದ್ದು, ಅಲ್ಲಿಂದ ಒಂದು ರಾಜವಂಶವೇ ಎದ್ದದ್ದು, ಇದನ್ನೆಲ್ಲ ವರ್ಷವರ್ಷ ಮಕ್ಕಳಿಗೆ ಹೇಳುವವಳು ನಾನು.

"ಹೊಯ್ಸಳ ಅಲ್ವಾ ಸಾರ್? ಪುಸ್ತಕದಲ್ಲಿ ಹೊ ಇದೆ."

"ಕಲ್ಲಲ್ಲಿ ಪೊ ಇದೆಯಲ್ಲ ತಾಯಿ."

"ಇವ್ರಿಗೆ ಓದಕ್ಕೇ ಬರಲ್ಲ ಚಿಕ್ಕಪ್ಪ," ಎಂದು ಪಿಸುಗುಟ್ಟಿದೆ. ಅಷ್ಟು ಸಾಕಾಯಿತು ಅವನಿಗೆ.

"ಏನ್ ಸೋಮಿ, ಒಯ್ಸಳ ಅನ್ನಾದೂ ಗೊತ್ತಿಲ್ವಾ ನಿಮ್ಗೆ? ಒಯ್ ಸಳ! ಒಯ್!"

ನಮ್ಮೂರ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ದೊಡ್ಡವ್ವನ ಕಿವಿಗೆ ಬಿದ್ದದ್ದು ಕೊನೆಯ ಒಂದೇ ಮಾತು.

"ಏನ್ಲಾ ಒಯ್ಯದು? ಯಾರ್ಲಾ ಒಯ್ಯದು? ನನ್ ಕಲ್ಲಾ?" ಮೊರ ಎಸೆದು ಎದ್ದೇ ಬಂದಳು.

ಸರಿಯಾಗಿ ಆಗಲೇ ಮುದುಕರು ಕಾಗದ ಸುಲಿದರು.

"ಅಯ್ಯಯ್ಯೋ, ಅಕ್ಸರಾನೆಲ್ಲ ಕಿತ್ಕಂಡ್ನಲ್ಲಪ್ಪೋ!" ದೊಡ್ಡವ್ವ ಕಲ್ಲಿನ ಮೇಲೆ ಬೆರಳಾಡಿಸಿ ಸಾಲು ಸಾಲಾಗಿ ತಡವಿದಳು. ಎಲ್ಲ ಇದ್ದವು. ಆದರೂ ಸಮಾಧಾನವಿಲ್ಲ. "ಈಗೇನೋ ಅವೆ. ಸಂಜ್ಗಂಟ ಇರ್ತವೋ ಇಲ್ವೋ ಯಾರ್ ಕಂಡೋರು?"

ಮುದುಕರು ಸಿಟ್ಟಾಗಲಿಲ್ಲ. "ಮೊದಲು ಪೊ ಇತ್ತಮ್ಮ. ಆಮೇಲೆ ಹೊ ಆಯ್ತು. ನಿಮ್ಮ ಮೈದುನ ಅದನ್ನೂ ಬಿಟ್ಟು ಒ ಮಾಡಿದಾರೆ," ಎಂದು ನಕ್ಕರು. ಮಲೆಸೀಮೆಯ ಸಣ್ಣ ಪಾಳೆಯದವರು ತಲಕಾಡಿನಿಂದ ಚೋಳರನ್ನು ಓಡಿಸಿ ದೊರೆಗಳಾದದ್ದನ್ನು ಹೇಳಿದರು. ಬಡಗಣ ದಂಡು ಬಂದು ರಾಜಧಾನಿ ಹಾಳಾದದ್ದು, ಮುದಿ ದೊರೆ ತಮಿಳು ಸೀಮೆಯ ಯುದ್ಧದಲ್ಲಿ ಸೆರೆಸಿಕ್ಕಿ ಸತ್ತದ್ದು, ಮಗನ ಕಾಲಕ್ಕೆ ಎಲ್ಲ ಮುಗಿದುಹೋದದ್ದು, ಅದನ್ನೂ ಹೇಳಿದರು.

"ಅಷ್ಟು ದೊಡ್ಡೋರು ಬರೀ ಕಲ್ಲು ಮಡಗಿ ಓದ್ರಾ?" ಚಿಕ್ಕಪ್ಪ ಬಿಡಲಿಲ್ಲ. "ಅಡೀಲಿ ಏನಾರ ಮಡಗಿರ್ಬೇಕು."

"ದೇವರ ದೀಪದ ಎಣ್ಣೆಗೆ ಒಂದು ಗದ್ದೆ ಬಿಟ್ಟಿದಾರೆ. ಬರೆದಿರೋದು ಅಷ್ಟೇ."

ದೊಡ್ಡವ್ವ ಕಾಗದ ಕಿತ್ತುಕೊಂಡು ಸುರುಳಿ ಸುತ್ತಿದಳು. "ಕಲ್ಲೂ ನಂದು, ಕಲ್ಲಿನ ಮೈಮೇಲಿಂದೂ ನಂದೇ. ಉಂಡ್ಕಂಡು ಓಗಿ ಸೋಮಿ." ಮುದ್ದೆ, ಸಾರು ಬಡಿಸಿ ಬರಿಗೈಯಲ್ಲಿ ಕಳಿಸಿದಳು. ಕಾಗದ ಟ್ರಂಕಿನಲ್ಲಿ ಸೀರೆಗಳ ಅಡಿ ಸೇರಿತು. ಹೋಗುವಾಗ ಅವರು ತಮ್ಮ ಬೀದಿಯ ಗುರುತು ಹೇಳಿ, "ಮನಸ್ಸಾದ್ರೆ ತನ್ನಿ ತಾಯಿ" ಎಂದರು.

ಎರಡು ತಿಂಗಳಾಗಿರಬೇಕು. ಗುಂಡ್ಲುಪೇಟೆಯಲ್ಲಿ ನೆಂಟರ ಮದುವೆ ಮುಗಿಸಿ ಮನೆಮಂದಿಯೆಲ್ಲ ಹಿಂದಿರುಗಿದರೆ ಹಿತ್ತಲಲ್ಲಿ ಸೊಂಟದುದ್ದದ ಗುಂಡಿ. ಕಲ್ಲು ಚೂರುಚೂರು. ಗುಂಡಿಯೊಳಗೆ ಕೆಮ್ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

"ನಾ ಏಳ್ನಿಲ್ವಾ? ಆ ಮುದ್ಕಂದೇ ಕೆಲ್ಸ," ಎಂದ ಚಿಕ್ಕಪ್ಪ.

ದೊಡ್ಡವ್ವ ಗುಂಡಿಯನ್ನೇ ನೋಡುತ್ತ ನಿಂತಿದ್ದವಳು ತಲೆಯೆತ್ತಿದಳು. "ಅಡೀಲಿ ಏನಾರ ಮಡಗಿರ್ಬೇಕು ಅಂತ ಟೀ ಅಂಗ್ಡೀಲಿ ಯಾರ್ಯಾರ್ಗೆ ಏಳಿದ್ಯಲಾ ನೀನು?"

ಚಿಕ್ಕಪ್ಪ ಕೊಪ್ಪರಿಗೆಯ ಕಡೆ ತಿರುಗಿಕೊಂಡ.

ಮಾರನೆಯ ದಿನ ದೊಡ್ಡವ್ವ ಟ್ರಂಕು ತೆಗೆದು, ಆ ಸುರುಳಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಾನೇ ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರಕ್ಕೆ ಒಯ್ದಳು. ನಾನೂ ಜೊತೆಗಿದ್ದೆ. ಮುದುಕರ ಮನೆಯ ಜಗಲಿಯಲ್ಲಿ ಅದನ್ನು ಬಿಚ್ಚಿ ಹರಡಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಓದಿ ಸೋಮಿ. ಒಂದಕ್ಸರಾನೂ ಬುಡ್ಬೇಡಿ."

ಅವರು ಕನ್ನಡಕ ಹಾಕಿಕೊಂಡು, ಪೊ ಇದ್ದ ಕಡೆ ಬೆರಳಿಟ್ಟು ಶುರುಮಾಡಿದರು.