ನಮ್ಮತ್ತೆಯ ಜುಗ್ಗತನ

ಮೊನ್ನೆ ರಾಯಚೂರಿನ ಸಂತೆಯಲ್ಲಿ ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದೆ. ಮಾರುವವಳು ಬೇಸತ್ತು, ಎಷ್ಟು ಜುಗ್ಗಿ ಇದ್ದೀಯವ್ವಾ ಎಂದಳು. ನಾನೇನು ತಾಳ್ಮೆಯವಳಲ್ಲ, ಸಿಟ್ಟು ಬರಬೇಕಿತ್ತು. ಆದರೆ ಖುಷಿಯಾಯಿತು. ಆ ಮಾತನ್ನು ಜೀವಮಾನವಿಡೀ ಅನ್ನಿಸಿಕೊಂಡವರು ನಮ್ಮತ್ತೆ. ಅವರ ಸಾಲಿಗೆ ನನ್ನನ್ನೂ ಸೇರಿಸಿದಳಲ್ಲ ಎಂದುಕೊಂಡೆ.

ನಮ್ಮ ಕಡೆ ಈ ಮಾತಿಗೆ ಒಂದೇ ತೂಕವಿಲ್ಲ. ಗೆಳತಿಗೆ ಮಿರ್ಚಿ ಭಜಿ ಕೊಡಿಸದಿದ್ದರೆ ಜುಗ್ಗಿ, ಅದು ಸಲಿಗೆ. ಉಣ್ಣಲು ಕೂತವರಿಗೆ ತುಪ್ಪ ಹಾಕಲು ಹಿಂದೆಮುಂದೆ ನೋಡಿದರೂ ಜುಗ್ಗಿ, ಅದು ಬೈಗುಳ. ಆಟೋದವರು ಕಂಜೂಸ್ ಅನ್ನುತ್ತಾರೆ; ಅರ್ಥ ಅದೇ, ಸಿಟ್ಟು ಮಾತ್ರ ಜಾಸ್ತಿ. ಕೈ ಹಿಡಿದು ಖರ್ಚು ಮಾಡುವ ಗಂಡಸಿಗೆ ಲೆಕ್ಕದ ಮನುಷ್ಯ ಎಂಬ ಮರ್ಯಾದೆ. ಹೆಂಗಸು ಹಾಗೆ ಮಾಡಿದರೆ ಜುಗ್ಗಿಯೇ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾನ್ವಿಯ ನಮ್ಮತ್ತೆ ಪಲ್ಯದ ಎಣ್ಣೆಯನ್ನು ಚಮಚದಲ್ಲಿ ಅಳೆಯುವವರು. ಉಳಿದ ರೊಟ್ಟಿಯನ್ನು ಮರುದಿನ ಮುರಿದು ಒಗ್ಗರಣೆ ಹಾಕಿ ಎಲ್ಲರಿಗೂ ತಿನ್ನಿಸುವವರು. ಓಣಿಯವರು ಜುಗ್ಗಿ ಅಂದರೆ ಹ್ಞೂಂ ಅಂದು ತಮ್ಮ ಕೆಲಸ ನೋಡಿಕೊಳ್ಳುವರು.

ಮೊದಲ ಸಲ ಬಸುರಾದಾಗ, ಇಂಥ ಅತ್ತೆ ನನ್ನ ಬಾಣಂತನದ ಖರ್ಚು ಹೊರುತ್ತಾರೆಯೇ ಎಂದು ಭಯವಾಗಿತ್ತು. ಮೊದಲ ಬಾಣಂತನ ತವರಿನ ಹೊಣೆ. ಏಳನೇ ತಿಂಗಳಲ್ಲಿ ಕುಬುಸ, ಅಂದರೆ ಸೀಮಂತದ ಊಟ ಮುಗಿಸಿ ತವರಿನವರು ಮಗಳನ್ನು ಕರೆದೊಯ್ಯಬೇಕು. ದೇವದುರ್ಗದಲ್ಲಿ ನನಗಿದ್ದದ್ದು ಅಪ್ಪ ಒಬ್ಬನೇ. ಅವ್ವ ತೀರಿಕೊಂಡಿದ್ದಳು. ಕೂಸಿಗೆ ಎರೆಯಲು, ನನಗೆ ಬಿಸಿಯಾಗಿ ಮಾಡಿ ಹಾಕಲು ಆ ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ನನ್ನಿಂದಾಗದು ಎಂದು ಅಪ್ಪ ಬೀಗರ ಮುಂದೆ ಬಾಯಿಬಿಟ್ಟರೆ ಅವನ ಮರ್ಯಾದೆ ಹೋಗುತ್ತಿತ್ತು.

ಕುಬುಸದ ದಿನ ಹಸಿರು ಸೀರೆ, ಹಸಿರು ಬಳೆ ಹಿಡಿದು ಅಪ್ಪ ಬಂದ. ಬಂದವನು ಮೂಲೆ ಹಿಡಿದು ಕೂತುಬಿಟ್ಟ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನೆಂಟರೊಬ್ಬರು, ಮಗಳನ್ನು ಯಾವತ್ತು ಕರೆದೊಯ್ಯುತ್ತೀರಿ ಎಂದು ಅವನನ್ನು ಕೇಳಿಯೇಬಿಟ್ಟರು. ಅಪ್ಪ ತಡವರಿಸುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಹೊರಬಂದರು.

“ಆಕಿನ್ನ ನಾ ಕಳಸೂದಿಲ್ರಿ. ಕೂಸಿನ್ನ ನೋಡಾಕ ವಾರಕ್ಕೊಮ್ಮೆ ದೇವದುರ್ಗಕ್ಕ ಬಸ್ ಚಾರ್ಜ್ ಯಾರು ಹಾಕಬೇಕು?”

ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ ಎಂದು ಯಾರೋ ನೆನಪಿಸಿದರು. ನನ್ನ ಮಗನಿಗೂ ಪುಕ್ಕಟೆಯೇನು ಎಂದು ಅತ್ತೆ ತಿರುಗಿ ಕೇಳಿದರು. ಮನೆ ತುಂಬ ನಗು. ಇಂಥ ಜುಗ್ಗಿಯನ್ನು ಎಲ್ಲಿಯೂ ಕಾಣೆವು ಎಂದು ಆಡಿಕೊಂಡವರೇ ಎಲ್ಲ. ಆಮೇಲೆ ತವರಿನ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪನೂ ಎಲೆಯ ಮುಂದೆ ಬಂದು ಕೂತ.

ನೆಂಟರೆಲ್ಲ ಹೊರಟ ಮೇಲೆ ಅಡುಗೆಮನೆಗೆ ಹೋದೆ. ಬಾಣಂತನದ ಉಂಡೆಗೆಂದು ಆಗಲೇ ತಂದಿಟ್ಟಿದ್ದ ಕೊಬ್ಬರಿ, ಉತ್ತತ್ತಿ, ಅಂಟನ್ನು ಅತ್ತೆ ಡಬ್ಬಿಗಳಿಗೆ ತುಂಬುತ್ತಿದ್ದರು. ಒಂದೊಂದೂ ದೊಡ್ಡ ಡಬ್ಬಿಯೇ. ಅವರ ಕಾಲು ಹಿಡಿಯಬೇಕು ಅನ್ನಿಸಿತು. ಅವರೇ ದನಿ ತಗ್ಗಿಸಿ ಕೇಳಿದರು.

“ನಿಮ್ಮಪ್ಪಾರು ಹೊಟ್ಟಿ ತುಂಬ ಉಂಡ್ರೇನು? ಬಂದಾಗಿಂದ ತಲಿನ ಎತ್ತಿದ್ದಿಲ್ಲ.”

ಅಪ್ಪ ಹೋಳಿಗೆಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡ ಎಂದು ಹೇಳಹೋದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತು.