ದಿಬ್ಬದ ಹುಲ್ಲಿನಲ್ಲಿ ಕಳೆದ ಉಂಗುರ

ಬೆಳಗಿನ ಪ್ರಾರ್ಥನೆ ಮುಗಿಸಿ, ಚಹಾ ಕೂಡ ಕುಡಿಯದೆ ತಿರ್ಜಾ ಹೊಲದಲ್ಲಿರುವ ಹಳೆಯ ಕಂದಕದ ಕಡೆ ಹೋಗುತ್ತಾಳೆ. ನಡುವಿನ ದಿಬ್ಬ ಹತ್ತಿ, ಗೋಣಿಚೀಲ ಹಾಸಿ ಮಂಡಿಯೂರಿ, ಹುಲ್ಲಿನ ಬುಡವನ್ನೆಲ್ಲ ಬೆರಳಲ್ಲಿ ಬಿಡಿಸಿ ಹುಡುಕುತ್ತಾಳೆ. ಮಳೆಯಿದ್ದರೂ ತಪ್ಪಿಸಿದವಳಲ್ಲ.

ಏಳುನೂರು ವರ್ಷದ ಹಿಂದೆ ಆ ದಿಬ್ಬದ ಮೇಲೆ ಯಾರದೋ ಮನೆಯಿತ್ತು. ಈಗ ಸುತ್ತ ಪಾಚಿನೀರು, ಮೇಲೆ ಹುಲ್ಲು. ಸರ್ಕಾರ ಕಾಪಾಡುವ ಜಾಗ. ಒಪ್ಪಿಗೆಯಿಲ್ಲದೆ ಗುದ್ದಲಿ ಹಾಕುವಂತಿಲ್ಲ, ಲೋಹ ಹುಡುಕುವ ಯಂತ್ರವನ್ನೂ ಒಯ್ಯುವಂತಿಲ್ಲ. ಆ ಹೊಲದಲ್ಲಿ ದುಡಿಯುತ್ತಿದ್ದ ಅವಳ ಗಂಡ ರೂಬೆನ್ ಅದನ್ನು ತನ್ನದೇ ಎಂಬಂತೆ ಕಾದ. ಅಲ್ಲಿ ನಾಣ್ಯಕ್ಕಾಗಿ ಅಗೆಯುತ್ತಿದ್ದ ತಿರ್ಜಾಳ ತಮ್ಮ ಕ್ಲೆಮ್‌ನನ್ನೇ ಪೊಲೀಸರಿಗೆ ಹಿಡಿದುಕೊಟ್ಟ. ಅಂದಿನಿಂದ ಅಕ್ಕ ತಮ್ಮನ ನಡುವೆ ಮಾತಿಲ್ಲ.

ಜೂನ್‌ನಲ್ಲಿ ಆ ದಿಬ್ಬದ ಹುಲ್ಲು ಕೊಯ್ಯುವಾಗ ರೂಬೆನ್ ಕುಸಿದುಬಿದ್ದ. ಕಾಯಿಲೆಗೆ ಸೊರಗಿದ ಬೆರಳಿನಿಂದ ಮದುವೆಯುಂಗುರ ಜಾರಿದ್ದು ಆಸ್ಪತ್ರೆಯಲ್ಲಿ ತಿಳಿಯಿತು. “ದಿಬ್ಬ ಹತ್ತುವಾಗ ಇತ್ತು. ಹುಡುಕ್ತೀಯಲ್ಲ?” ಎಂದಿದ್ದ. ಬರಿಬೆರಳಲ್ಲೇ ಮಣ್ಣಾದ.

ಹೊಲದ ಒಡೆಯರು ಕೆಲಸದವನಿಗೆಂದು ಕೊಟ್ಟ ಮನೆಯನ್ನು ಸೆಪ್ಟೆಂಬರ್ ಕೊನೆಯ ಮೈಕೇಲ್ ದೇವದೂತನ ಹಬ್ಬಕ್ಕೆ ಬಿಡಬೇಕು. ಹಬ್ಬ ನಾಡಿದ್ದು. ಅಗೆಯಲು ಸರ್ಕಾರದ ಒಪ್ಪಿಗೆ ಕೇಳಿದರೂ, ಅದು ಬರುವಷ್ಟರಲ್ಲಿ ಅವಳು ಊರಲ್ಲೇ ಇರುವುದಿಲ್ಲ.

“ಏನಕ್ಕಾ, ಮೊಲದ ಹಾಗೆ ಮೇಯ್ತಾ ಇದೀಯ?”

ಕ್ಲೆಮ್! ಹೆಗಲ ಮೇಲೆ ಯಂತ್ರ.

“ಅದನ್ನ ಯಾಕೋ ತಂದೆ?”

“ನಿನ್ ಗಂಡ ನನ್ನ ಕೋರ್ಟ್ ಹತ್ತಿಸ್ದ, ಸರಿ. ನೀನೇನ್ ಮಾಡಿದ್ದೆ ಪಾಪ? ಉಂಗುರದ ವಿಷ್ಯ ಊರಲ್ಲಿ ಕೇಳ್ದೆ. ಸ್ವಲ್ಪ ಹೊತ್ತು ಸಾಕು. ಯಾರ್ ನೋಡ್ತಾರೆ, ಆ ಬಾತುಕೋಳಿಗಳಾ?”

ತಿರ್ಜಾ ಗೋಣಿಚೀಲ ಎಳೆದುಕೊಂಡು ಪಕ್ಕಕ್ಕೆ ಸರಿದಳು. ಕ್ಲೆಮ್ ಯಂತ್ರವನ್ನು ಹುಲ್ಲಿನ ಮೇಲೆ ಆಡಿಸಿದ. ರೂಬೆನ್ ಬಿದ್ದ ಜಾಗದ ಪಕ್ಕದಲ್ಲೇ ಅದು ಕೀರಲು ಸದ್ದು ಮಾಡಿತು. ತಿರ್ಜಾ ಓಡಿಬಂದು ಹುಲ್ಲಿನ ಬುಡ ತಡಕಿದಳು. ಮೇಲೆ ಏನೂ ಇಲ್ಲ.

“ದನ ತುಳಿದು ಒಳಗೆ ಹೋಗಿದೆ,” ಕ್ಲೆಮ್ ಚಾಕು ಬಿಚ್ಚಿದ. “ಕೈ ತೆಗಿ. ಬೆರಳುದ್ದ ಕೆದಕಿದ್ರಾಯ್ತು.”

ಅವಳು ಕೈ ತೆಗೆಯಲಿಲ್ಲ. ಅಂಗೈ ಕೆಳಗಿನ ಮಣ್ಣು ತಣ್ಣಗಿತ್ತು.

“ಅಕ್ಕಾ, ಅದೇ ಇರಬಹುದು ಕಣೇ! ನಾಡಿದ್ದು ನೀನಿರಲ್ಲ.”

“ಅದೇ ಇರಬಹುದು.” ಅವಳು ಅಂಗೈಯನ್ನು ಇನ್ನೂ ಒತ್ತಿದಳು. “ಇದೇ ಕೆಲಸಕ್ಕೆ ತಾನೇ ಅವ್ರು ನಿನ್ನ ಹಿಡಿಸಿದ್ದು? ಈಗ ನಾನೇ ಅಗೆಸಿ, ಸತ್ತ ಮೇಲೆ ಅಲ್ಲಿ ಅವ್ರ ಮುಖ ಹೇಗ್ ನೋಡ್ಲೋ? ಚಾಕು ಮಡಚು, ಕ್ಲೆಮ್. ಬೇಡ, ಮನೆಗ್ ಹೋಗು.”